ಡಾಕ್ಟರ ತಾಯಿಯ ಕಾಲು

ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ವಜ್ದಿ ಗಾಜಿನ ನಳಿಗೆಗೆ ಆಸಿಡ್ ಹಾಕಿ, ಅದರ ಮೇಲೆ ಹಾಲನ್ನು ಅಂಚಿನಗುಂಟ ನಿಧಾನವಾಗಿ ಇಳಿಸುತ್ತಿದ್ದ. ಎರಡೂ ಬೆರೆಯದೆ ಒಂದರ ಮೇಲೊಂದು ನಿಲ್ಲಬೇಕು. ಅವಸರಪಟ್ಟರೆ ಹಾಲು ಸುಟ್ಟು ಕರಕಲಾಗುತ್ತದೆ, ಅದರಲ್ಲಿ ಜಿಡ್ಡೆಷ್ಟಿದೆ ಎಂದು ತಿಳಿಯುವುದಿಲ್ಲ. ಅಷ್ಟರಲ್ಲಿ ಬಿಳಿ ಕೋಟಿನ ಜೇಬಿನಲ್ಲಿದ್ದ ಫೋನು ಒಂದರ ಹಿಂದೆ ಒಂದರಂತೆ ನಾಲ್ಕು ಸಲ ಗುಂಯ್‌ಗುಟ್ಟಿತು.

"ಯೆಮನ್, ಕಣ್ಣು ನಳಿಗೆ ಮೇಲಿರ್ಲಿ," ಅಂದರು ಇಹ್ಸಾನ್ ಮೇಷ್ಟ್ರು. ತರಗತಿಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಅವನ ದೇಶದ ಹೆಸರಿನಿಂದಲೇ ಕರೆಯುತ್ತಿದ್ದರು. "ಹಸು ಬೆಳಿಗ್ಗೆ ಐದಕ್ಕೇ ಎದ್ದು ತನ್ನ ಕೆಲಸ ಮುಗಿಸಿದೆ. ನೀನೂ ನಿಂದು ಮುಗ್ಸು. ಫೋನು ಎಲ್ಲೂ ಓಡಿಹೋಗಲ್ಲ."

ವಜ್ದಿ ಕೆಲಸ ಮುಗಿಸಿದ. ನಳಿಗೆಗಳನ್ನು ಯಂತ್ರಕ್ಕೆ ಹಾಕಿ, ಅದು ತಿರುಗತೊಡಗಿದ ಮೇಲೆ ಮೊಗಸಾಲೆಗೆ ಬಂದ. ಹೊರಗೆ ಟರ್ಕಿಯ ಗೋಕ್‌ಬೆಲ್ ಊರಿನ ಮೇಲೆ ಮಾರ್ಚ್ ತಿಂಗಳ ಹಿಮ ಕರಗಿ ಕೆಸರಾಗಿತ್ತು.

ಫೋನಿನಲ್ಲಿ ಮೊದಲು ಒಂದು ಚಿತ್ರವಿತ್ತು. ಎಡಗಾಲು. ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಇದ್ದಿಲಿನಂತೆ ಕಪ್ಪಗಿದ್ದವು, ಅಲ್ಲಿಂದ ಮೇಲಕ್ಕೆ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. ಉಗುರಿಗೆ ಹಚ್ಚಿದ ಗೋರಂಟಿಯಿಂದ ಅದು ಅಮ್ಮನ ಕಾಲೆಂದು ಅವನಿಗೆ ಗೊತ್ತಾಯಿತು. ಆಮೇಲಿನ ಎರಡು ಅಮ್ಮನ ದನಿ.

"ಡಾಕ್ಟ್ರೇ, ಎದ್ರಾ? ತಿಂಡಿ ಆಯ್ತಾ? ಅಲ್ಲಿ ಚಳಿ ಹೆಂಗಿದೆ? ನಿಮ್ಮಮ್ಮನ ಕಾಲು ಯಾಕೋ ಸ್ವಲ್ಪ ಮುನಿಸ್ಕೊಂಡಿದೆ. ಹೆದ್ರೋದೇನೂ ಇಲ್ಲ. ನೋಡಿ ಹೇಳು ಮಗಾ, ಅಷ್ಟೆ."

ಎರಡನೆಯದರಲ್ಲಿ ಚಳಿಗೆ ಉಣ್ಣೆಯ ಕಾಲುಚೀಲ ಹಾಕಿಕೊಳ್ಳಲು ಹೇಳಿದ್ದಳು. ನಾಲ್ಕನೆಯದು ಸೋದರಮಾವ ನಾಜಿಯದು. ಅವನು ಯೆಮನ್ನಿನ ಇಬ್ಬ್ ಪಟ್ಟಣದ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಮಾತಾಡಿದ್ದ, ಹಿಂದೆ ಮೋಟರ್‌ಸೈಕಲ್‌ಗಳ ಸದ್ದಿತ್ತು.

"ಇಲ್ಲಿನ ಡಾಕ್ಟರು ಎರಡು ಬೆರಳು ತೆಗೀಬೇಕು, ಇವತ್ತೇ ತೆಗೀಬೇಕು ಅಂತಾರೆ. ಸಹಿ ಹಾಕು ಅಂತ ಕಾಗದ ಕೊಟ್ರು. ನಾನು ಹೇಳ್ದೆ, ಸ್ವಾಮಿ, ಕತ್ತಿ ಕೆಳಗಿಡಿ, ನಮ್ಮ ಮನೇಲೂ ಒಬ್ಬ ಡಾಕ್ಟರಿದಾನೆ, ಅವನು ಹೂಂ ಅನ್ನದೆ ಅವರಮ್ಮನ ಕೂದಲನ್ನೂ ಕತ್ತರ್ಸಕ್ಕೆ ಬಿಡಲ್ಲ ಅಂತ. ಸರಿಯಾಗಿ ಹೇಳ್ದೆ ತಾನೆ? ಈಗ ನಿಮ್ಮತ್ತೆ ತಂಗಿ ಮನೇಲಿ ಕೂತಿದೀವಿ. ನೀನು ನೋಡಿ ಹೇಳು."

ವಜ್ದಿ ಚಿತ್ರವನ್ನು ಮತ್ತೆ ನೋಡಿದ. "ನೋಡ್ತೀನಿ ಮಾವ," ಎಂದು ಬರೆದು ಕಳಿಸಿದ. ಒಳಗೆ ಯಂತ್ರ ನಿಂತಿತು. ಅವನು ಹೋಗಿ ಜಿಡ್ಡು ಅಳೆದ. ನೂರಕ್ಕೆ ಮೂರು ಪಾಯಿಂಟ್ ಆರು.

ವಜ್ದಿಯ ಊರು ಅಲ್-ಅಕಮಾ, ಇಬ್ಬ್‌ನಿಂದ ಜೀಪಿನಲ್ಲಿ ಎರಡು ತಾಸು ಮೇಲೆ, ಬೆಟ್ಟದ ನೆತ್ತಿಯಲ್ಲಿ ಕಲ್ಲಿನ ಮನೆಗಳ ಊರು. ಅಲ್ಲಿ ಹುಡುಗನೊಬ್ಬ ವೈದ್ಯಕೀಯ ಓದಲು ಬಸ್ಸು ಹತ್ತಿದ ದಿನದಿಂದಲೇ ಡಾಕ್ಟರ್. ಪಾಸಾಗುವವರೆಗೆ ಕಾಯುವ ಪದ್ಧತಿಯಿಲ್ಲ. ಆರು ವರ್ಷದ ಹಿಂದೆ, ಜಿಲ್ಲೆಗೇ ಎರಡನೆಯವನಾಗಿ ತೇರ್ಗಡೆಯಾಗಿ ಟರ್ಕಿಯ ವಿದ್ಯಾರ್ಥಿವೇತನ ಸಿಕ್ಕಿದ ಹತ್ತೊಂಬತ್ತರ ವಜ್ದಿಯನ್ನು ಊರು ಆಕಾಶಕ್ಕೆ ಗುಂಡು ಹಾರಿಸಿ ಬೀಳ್ಕೊಟ್ಟಿತು. ಅದೇ ಸಂಜೆ ಬಾವಿಕಟ್ಟೆಯಲ್ಲಿ ಹೆಂಗಸರು ಅವನ ತಾಯಿ ಗಾಲಿಯಾಳ ಹೆಸರು ಬದಲಿಸಿದರು. ಅಲ್ಲಿಯವರೆಗೆ ಅವಳು ವಜ್ದಿಯ ತಾಯಿ. ಅಲ್ಲಿಂದಾಚೆ ಡಾಕ್ಟರ ತಾಯಿ. ಅವಳಿಗೆ ಬಾವಿಯ ಸರದಿಯಲ್ಲಿ ಮೊದಲ ಕೊಡ, ಮದುವೆಮನೆಯಲ್ಲಿ ಗೋಡೆಗೆ ಒರಗುವ ದಿಂಬು. ಗಂಡ ಸತ್ತ ಮೇಲೆ ಎಂಟು ವರ್ಷ ಅಂಥ ಮನೆಗಳಲ್ಲಿ ಬಾಗಿಲ ಬಳಿಯೇ ಕೂತು ಎದ್ದು ಬರುತ್ತಿದ್ದವಳು ಅವಳು.

ಅವನು ಗೋಕ್‌ಬೆಲ್ ತಲುಪಿ ಟರ್ಕಿ ಭಾಷೆಯ ಅಕ್ಷರ ಕಲಿಯುತ್ತಿದ್ದಾಗಲೇ ಊರಿನಿಂದ ಕಾಯಿಲೆಗಳು ಬರತೊಡಗಿದವು. ಮಾತ್ರೆ ಚೀಟಿಯ ಚಿತ್ರ, ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ತೆಗೆದ ಚಿತ್ರ, ಮಗುವಿನ ಕೆಮ್ಮಿನ ಸದ್ದು. ಮೊದಮೊದಲು, "ನಾನಿನ್ನೂ ಓದ್ತಿದೀನಿ," ಎಂದ. ಆ ಮಾತನ್ನು ಊರು ವಿನಯವೆಂದು ತಿಳಿಯಿತು. ಆಮೇಲೆ ಹಾಸ್ಟೆಲಿನ ಕೋಣೆಗೆ ಹಿಸೇನ್ ಬಂದ. ಚಾಡ್ ದೇಶದವನು, ಎತ್ತರದ ಆಳು, ನಿಜಕ್ಕೂ ವೈದ್ಯಕೀಯ ಓದುತ್ತಿದ್ದವನು, ಒಂದು ಪರೀಕ್ಷೆಯಲ್ಲೂ ಸೋಲದವನು. ಊರಿನಿಂದ ಬಂದದ್ದನ್ನೆಲ್ಲ ವಜ್ದಿ ಅವನಿಗೆ ತೋರಿಸುತ್ತಿದ್ದ. ಹಿಸೇನ್ ಬೆಡ್ಡಿನ ಮೇಲೆ ಕಾಲು ಚಾಚಿ ನೋಡಿ, ಹೇಳುತ್ತಿದ್ದ. ವಜ್ದಿ ಅದನ್ನೇ ತನ್ನ ಊರಿನ ಮಾತಿಗೆ ತಿರುಗಿಸಿ ಕಳಿಸುತ್ತಿದ್ದ.

"ನಿಮ್ಮೂರಲ್ಲಿ ಯಾರಿಗೆ ಹೊಟ್ಟೆನೋವು, ಯಾರಿಗೆ ಮಲಬದ್ಧತೆ, ಎಲ್ಲಾ ನಂಗೊತ್ತು," ಎನ್ನುತ್ತಿದ್ದ ಹಿಸೇನ್. "ನಾಳೆ ಆ ಕಡೆ ಬಂದ್ರೆ ಯಾರ ಮುಖಾನೂ ಗುರುತು ಸಿಗಲ್ಲ. ಹೊಟ್ಟೆ ಮುಟ್ಟಿ ನೋಡಿ ಹೆಸರು ಹೇಳ್ತೀನಿ."

ಇಬ್ಬರೂ ಒಂದು ನಿಯಮ ಮಾಡಿಕೊಂಡಿದ್ದರು. ಯಾವ ಮದ್ದಿನ ಹೆಸರನ್ನೂ ಹೇಳಬಾರದು, ಕೊನೆಗೆ ಇಬ್ಬ್‌ನ ಆಸ್ಪತ್ರೆಗೆ ಹೋಗಿ ಎಂದೇ ಹೇಳಬೇಕು. ಮದ್ದು ಬರೆಯದ ಡಾಕ್ಟರ್ ದೇವರಿಗೆ ಹೆದರುವವನು ಎಂದು ಊರಿನಲ್ಲಿ ಅದಕ್ಕೂ ಹೆಸರಾಯಿತು.

ವಜ್ದಿ ಸೋತದ್ದು ಸೋಮಾರಿತನದಿಂದಲ್ಲ. ಭಾಷೆಯ ಪರೀಕ್ಷೆಯನ್ನು ಎರಡನೆಯ ವರ್ಷದಲ್ಲಿ ದಾಟಿದ. ವೈದ್ಯಕೀಯದ ಮೊದಲ ವರ್ಷ ದಾಟಲಿಲ್ಲ. ಅವನು ಪುಸ್ತಕವನ್ನು ಬಾಯಿಪಾಠ ಮಾಡಿ ಬೆಳೆದ ಹುಡುಗ. ಪುಟದ ಸಂಖ್ಯೆ ಸಮೇತ ನೆನಪಿರುತ್ತಿತ್ತು. ಆದರೆ ಎದುರಿಗೆ ಕೂತವರು ಟರ್ಕಿ ಭಾಷೆಯಲ್ಲಿ ಕೇಳಿದ್ದು ತಲೆಯೊಳಗೆ ಅರಬ್ಬಿಯಾಗಿ, ಉತ್ತರ ಸಿಕ್ಕಿ, ಅದು ಮತ್ತೆ ಟರ್ಕಿಯಾಗಿ ಬಾಯಿಗೆ ಬರುವಷ್ಟರಲ್ಲಿ ಸಮಯ ಮುಗಿದಿರುತ್ತಿತ್ತು. ಅಂಗರಚನೆಯ ಬಾಯಿಪರೀಕ್ಷೆಯಲ್ಲಿ ಬಟ್ಟೆಯ ಚೀಲದೊಳಗೆ ಒಂದು ಮೂಳೆ ಇಡುತ್ತಾರೆ. ಕಣ್ಣಿಲ್ಲದೆ ಕೈಯಿಂದಲೇ ಹೇಳಬೇಕು. ಮೊದಲ ವರ್ಷಕ್ಕೆ ಎರಡನೆಯ ಸಲ ಕೂತಾಗ ಅವನ ಕೈಗೆ ಸಿಕ್ಕಿದ್ದು ಪಾದದ ಒಂದು ಸಣ್ಣ ಮೂಳೆ. ಹೆಸರು ಹೇಳಿದ. "ಎಡವೋ ಬಲವೋ?" ಎಂದು ಕೇಳಿದರು ಪ್ರೊಫೆಸರ್ ನೂರ್‌ಹಯಾತ್. ಅವನು ಮೂಳೆಯನ್ನು ತಿರುಗಿಸಿದ, ಮತ್ತೆ ತಿರುಗಿಸಿದ. ಸಮಯ ಮುಗಿದ ಗಂಟೆ ಹೊಡೆಯಿತು.

ವಿದ್ಯಾರ್ಥಿವೇತನ ನಿಂತಿತು. ಟರ್ಕಿಯಲ್ಲಿ ಇರಲು ಬಿಡುವ ವಾಸದ ಕಾರ್ಡು ಉಳಿಯಬೇಕಾದರೆ ಓದಲು ಎಲ್ಲಿಯಾದರೂ ಸೇರಲೇಬೇಕಿತ್ತು. ಅದೇ ಆವರಣದ ಇನ್ನೊಂದು ತುದಿಯಲ್ಲಿ ಹೈನುಗಾರಿಕೆಯ ಎರಡು ವರ್ಷದ ಡಿಪ್ಲೊಮಾಕ್ಕೆ ಸೀಟುಗಳು ಖಾಲಿಯಿದ್ದವು. ಸೇರಿದ. ಕೋಟು ಹೊಸದು ಬೇಕಾಗಲಿಲ್ಲ. ವೈದ್ಯಕೀಯಕ್ಕೆಂದು ಹೊಲಿಸಿದ ಬಿಳಿ ಕೋಟೇ ಹಾಲಿನ ಲ್ಯಾಬಿಗೂ ಆಯಿತು. ಒಂದು ಸಲ ಅಮ್ಮ ಚಿತ್ರ ಕಳಿಸು ಎಂದಾಗ ಸೂಕ್ಷ್ಮದರ್ಶಕದ ಮುಂದೆ ಕೋಟು ಹಾಕಿಕೊಂಡು ನಿಂತು ಕಳಿಸಿದ. ಗಾಜಿನ ಮೇಲಿದ್ದುದು ಕೆಚ್ಚಲು ಬಾವಿನ ಹಸುವಿನ ಹಾಲಿನ ಹನಿ. ಅಮ್ಮ ಕೇಳಲಿಲ್ಲ, ಅವನು ಹೇಳಲಿಲ್ಲ. ಆ ಚಿತ್ರಕ್ಕೆ ಈಗ ಅಲ್-ಅಕಮಾದಲ್ಲಿ ಕಟ್ಟು ಹಾಕಿಸಲಾಗಿದೆ.

ಮಂಗಳವಾರ ಮಧ್ಯಾಹ್ನ ಅವನು ಆ ಕಾಲಿನ ಚಿತ್ರವನ್ನು ಹಿಸೇನನಿಗೆ ಕಳಿಸಿದ. ಹಿಸೇನ್ ಅಕ್ಕನ ಮದುವೆಗೆಂದು ಹತ್ತು ದಿನಕ್ಕೆ ಊರಿಗೆ ಹೋಗಿದ್ದ. ಅವನ ಊರಿನಲ್ಲಿ ಫೋನು ಸಿಗುವುದು ಸಂತೆಯ ದಿನ, ನೀರಿನ ತೊಟ್ಟಿಯ ಮೇಲೆ ಹತ್ತಿದರೆ. ಚಿತ್ರ ಹೋಗಿ ತಲುಪಿದ ಗುರುತು ಬೀಳಲಿಲ್ಲ.

ಆಮೇಲೆ ವಜ್ದಿ ಫೋನಿನಲ್ಲೇ ಹುಡುಕಿ ಓದಿದ. ಅಮ್ಮನಿಗಿದ್ದ ಸಕ್ಕರೆ ಕಾಯಿಲೆ, ಕಪ್ಪಾದ ಬೆರಳು. ಓದಿದ್ದೆಲ್ಲ ಒಂದೇ ಮಾತು ಹೇಳುತ್ತಿತ್ತು: ತಡಮಾಡಬಾರದು. ಆದರೆ ಅದನ್ನು ಯಾರು ಬೇಕಾದರೂ ಓದಬಹುದಿತ್ತು. ಪಾದದ ಮೂಳೆಯೊಂದು ಎಡದ್ದೋ ಬಲದ್ದೋ ತಿಳಿಯದವನು ಕತ್ತರಿಸಿ ಎಂದರೆ, ಆಮೇಲೆ ಅದು ಬೇಕಿರಲಿಲ್ಲ ಎಂದಾದರೆ? ಬೇಡ ಎಂದರೆ, ಬೇಕಿತ್ತು ಎಂದಾದರೆ? ಇಬ್ಬ್‌ನ ಡಾಕ್ಟರು ಹೇಳಿದಂತೆ ಮಾಡಿ ಎಂದರೆ ಸಾಕು ಎಂದು ಅವನಿಗೆ ಹೊಳೆಯದೆ ಇರಲಿಲ್ಲ. ಮಾವನಿಗೆ ಹಾಗೆ ಒಮ್ಮೆ ಹೇಳಿಯೂ ನೋಡಿದ.

"ಅವರು ಹೇಳಿದ್ದು ಗೊತ್ತು," ಅಂದ ಮಾವ. "ನಿನ್ನ ಮಾತು ಹೇಳು. ಆರು ವರ್ಷ ಓದಿದ್ದು ಇನ್ನೊಬ್ರು ಹೇಳಿದ್ದನ್ನ ಹೇಳಕ್ಕಾ?"

"ಒಂದಿನ ಕೊಡಿ ಮಾವ. ದೊಡ್ಡ ಪ್ರೊಫೆಸರನ್ನ ಕೇಳ್ತೀನಿ."

"ಅದು ಮಾತು," ಅಂದ ಮಾವ.

ಬುಧವಾರ ಹತ್ತು ಗಂಟೆಗೆ ವಜ್ದಿ ವೈದ್ಯಕೀಯ ಕಾಲೇಜಿನ ಮೆಟ್ಟಿಲು ಹತ್ತಿದ. ಎರಡು ವರ್ಷದಿಂದ ಆ ಕಟ್ಟಡದ ಮುಂದೆ ಹಾಯುವುದನ್ನು ತಪ್ಪಿಸಲು ಅವನು ಪಶು ಆಸ್ಪತ್ರೆಯ ಹಿಂದಿನ ಕೆಸರಿನಲ್ಲಿ ಸುತ್ತು ಹಾಕಿ ಹೋಗುತ್ತಿದ್ದ. ಮೂರನೆಯ ಮಹಡಿಯಲ್ಲಿ ನೂರ್‌ಹಯಾತ್ ಅವರ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವನ ಜೊತೆ ಸೇರಿದ್ದ ಇಬ್ಬರು ಹುಡುಗಿಯರು ಕೂತಿದ್ದರು, ಈಗ ನಾಲ್ಕನೆಯ ವರ್ಷ, ಕೊರಳಲ್ಲಿ ಸ್ಟೆತೊಸ್ಕೋಪು. ಅವನು ಐದು ನಿಮಿಷ ನಿಂತು, ಕೆಳಗಿಳಿದು ಬಂದ.

ಕ್ಯಾಂಟೀನಿನಲ್ಲಿ ಬೇಳೆ ಸಾರು ಬಡಿಸುವ ಹಾಜೆರ್ ಚಿಕ್ಕಮ್ಮ ಅವನ ತಟ್ಟೆ ನೋಡಿದಳು. ಯೆಮನ್ ಎಂಬ ಹೆಸರು ಕೇಳಿದರೆ ಗೋಕ್‌ಬೆಲ್‌ನ ಮುದುಕರು ಈಗಲೂ ನಿಟ್ಟುಸಿರು ಬಿಡುತ್ತಾರೆ. ನೂರು ವರ್ಷದ ಹಿಂದೆ ಸುಲ್ತಾನನ ಯುದ್ಧಕ್ಕೆ ಅಲ್ಲಿಗೆ ಹೋಗಿ ಮರಳದವರ ಮನೆಗಳಿವು.

"ತಿನ್ನು ಮಗಾ. ನಮ್ಮ ಮುತ್ತಜ್ಜ ನಿಮ್ಮೂರಿಗೆ ಹೋದೋನು ವಾಪಸ್ ಬರ್ಲಿಲ್ಲ. ಬದಲಿಗೆ ನಿನ್ನ ಕಳ್ಸಿದಾರೆ, ನೀನು ನೋಡಿದ್ರೆ ಅರ್ಧ ಬಟ್ಟಲು ಸಾರೂ ಮುಗ್ಸಲ್ಲ."

"ಅಮ್ಮಂಗೆ ಹುಷಾರಿಲ್ಲ ಚಿಕ್ಕಮ್ಮ."

"ಹೋಗಿ ಬಾ ಮತ್ತೆ."

"ಹೋದ್ರೆ ಮತ್ತೆ ಈ ದೇಶದೊಳಗೆ ಬಿಡಲ್ಲ, ಕಾರ್ಡು ಹಾಗಿದೆ."

ಅವಳು ಇನ್ನೊಂದು ತುಂಡು ಬ್ರೆಡ್ ಇಟ್ಟಳು. ಮಧ್ಯಾಹ್ನ ಮೂರಕ್ಕೆ ಅವನು ಮತ್ತೆ ಮೂರನೆಯ ಮಹಡಿಗೆ ಹೋದ. ಈ ಸಲ ಬಾಗಿಲು ಮುಚ್ಚಿತ್ತು, ಒಳಗೆ ದೀಪ ಉರಿಯುತ್ತಿತ್ತು. ಬಾಗಿಲು ಬಡಿಯಲು ಕೈ ಎತ್ತಿದ. ಒಳಗಿನಿಂದ ನಗು ಕೇಳಿಸಿತು. ಇಳಿದು ಬಂದ. ಮಾವನಿಗೆ, "ಪ್ರೊಫೆಸರ್ ಸಿಗಲಿಲ್ಲ, ನಾಳೆ," ಎಂದು ಬರೆದ. ತಂಗಿ ತಕಿಯ್ಯಾ ಇನ್ನೊಂದು ಚಿತ್ರ ಕಳಿಸಿದಳು. ನೇರಳೆ ಬಣ್ಣ ಹಿಮ್ಮಡಿ ದಾಟಿತ್ತು. "ಅಣ್ಣಾ, ವಾಸನೆ ಬರ್ತಿದೆ. ಅಮ್ಮಂಗೆ ಗೊತ್ತಾಗ್ಬಾರ್ದು ಅಂತ ಧೂಪ ಹಾಕ್ತಿದೀನಿ," ಎಂದಿತ್ತು ಕೆಳಗೆ.

ಗುರುವಾರ ಎಂಟೂವರೆಗೆ, ಪ್ರೊಫೆಸರ್ ನೂರ್‌ಹಯಾತ್ ಕೋಣೆಯ ಬೀಗ ತೆಗೆಯುತ್ತಿದ್ದಾಗ ಅವನು ಹಿಂದೆ ನಿಂತಿದ್ದ. ಅವರಿಗೆ ಅವನ ನೆನಪಿತ್ತು.

"ವಜ್ದಿ. ನೀನು ಊರಿಗೆ ಹೋದೆ ಅಂದ್ಕೊಂಡಿದ್ದೆ."

"ಇಲ್ಲ ಮೇಡಂ. ಆ ತುದೀಲಿದೀನಿ, ಹಾಲಿನ ಡಿಪ್ಲೊಮಾ." ಫೋನು ಚಾಚಿದ. ಅವರು ಕೋಟೂ ತೆಗೆಯದೆ ನಿಂತೇ ನೋಡಿದರು, ಚಿತ್ರವನ್ನು ದೊಡ್ಡದು ಮಾಡಿ ಮತ್ತೆ ನೋಡಿದರು.

"ಎಡವೋ ಬಲವೋ?"

"ಎಡ," ಅಂದ. ಈ ಸಲ ತಡವಾಗಲಿಲ್ಲ.

"ಜ್ವರ?"

"ನಿನ್ನೆಯಿಂದ."

"ಈ ಚಿತ್ರ ಯಾವಾಗಿಂದು?"

"ನಿನ್ನೆ ಸಂಜೆ. ಇದರ ಹಿಂದಿಂದು ಮಂಗಳವಾರದ್ದು."

ಎರಡನ್ನೂ ಅಕ್ಕಪಕ್ಕ ನೋಡಿದರು. "ಮಂಗಳವಾರ ಬೆರಳಲ್ಲಿ ಮುಗೀತಿತ್ತೇನೋ. ಈಗ ಬೆರಳಿನ ಮಾತಲ್ಲ. ಮಂಡಿ ಕೆಳಗೆ. ಇವತ್ತು. ಯಾವ ಆಸ್ಪತ್ರೇಲಿದಾರೆ?"

"ಆಸ್ಪತ್ರೇಲಿಲ್ಲ. ಸಂಬಂಧಿಕರ ಮನೇಲಿ. ಮಂಗಳವಾರದಿಂದ."

"ಯಾಕೆ?"

"ನನ್ನ ಮಾತಿಗೆ ಕಾಯ್ತಿದಾರೆ."

ಪ್ರೊಫೆಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀನು ಇಲ್ಲಿ ಬಿಟ್ಟಿದ್ದು ಅವರಿಗೆ ಗೊತ್ತಿಲ್ಲ."

"ಗೊತ್ತಿಲ್ಲ."

"ನಿನ್ನೆ ಇಬ್ಬರು ವಿದ್ಯಾರ್ಥಿನಿಯರು ಹೇಳಿದ್ರು, ಯಾರೋ ಬಾಗಿಲಲ್ಲಿ ನಿಂತು ಹೋದ್ರು ಅಂತ."

ವಜ್ದಿ ಫೋನನ್ನು ವಾಪಸ್ ತೆಗೆದುಕೊಂಡ.

"ಮೊದಲು ಫೋನ್ ಮಾಡು," ಅಂದರು. "ಇಲ್ಲೇ ಮಾಡು, ನಾನು ಹೊರಗಿರ್ತೀನಿ."

ಮಾವ ಮೊದಲ ರಿಂಗಿಗೇ ಎತ್ತಿದ. ವಜ್ದಿ ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿದ. ಆಮೇಲೆ ಫೋನು ಅಮ್ಮನ ಕೈಗೆ ಹೋಯಿತು, ಮುಖ ಕಾಣಿಸಿತು. ಕೆನ್ನೆ ಕೆಂಪಾಗಿ ಉರಿಯುತ್ತಿತ್ತು, ಕಣ್ಣು ಗುಳಿಬಿದ್ದಿತ್ತು. ಅವಳಿಗೆ ಮೊದಲು ಕಂಡದ್ದು ಕೋಟು.

"ಕೋಟು ಕೊಳೆಯಾಗಿದೆ ಡಾಕ್ಟ್ರೇ. ಒಗೆಯೋರು ಯಾರೂ ಇಲ್ವಾ?"

"ಅಮ್ಮಾ, ಮಾವ ಹೇಳಿದ್ನಾ?"

"ಹೇಳ್ದ. ಬೆರಳು ಅಂದ್ರು, ನೀನು ಕಾಲು ಅಂತೀಯ. ನಿನ್ನ ಲೆಕ್ಕ ದೊಡ್ಡದು." ಅವಳು ನಗಲು ನೋಡಿದಳು. "ನಂಗೆ ಒಂದು ಹೇಳು. ಇಲ್ಲಿ ಪಕ್ಕದ್ಮನೆಯೋಳು ಜೇನುತುಪ್ಪ ಕಟ್ಟಿದ್ರೆ ಹೋಗುತ್ತೆ ಅಂತಾಳೆ. ಅವಳು ಓದಿಲ್ಲ. ಆಸ್ಪತ್ರೆಯೋನು ಯಾರ ಮಗನೋ ಏನೋ. ನೀನು ನನ್ನ ಮಗ. ಇದನ್ನ ನೀನು ಓದಿದೀಯಾ? ನಿನ್ನ ಪುಸ್ತಕದಲ್ಲಿ ಇದಿದ್ಯಾ? ನೀನು ಓದಿದೀನಿ ಅಂದ್ರೆ ಹೋಗಿ ಮಲಗ್ತೀನಿ. ಇಲ್ಲಾಂದ್ರೆ ಎರಡು ಕಾಲಲ್ಲೇ ಮಣ್ಣಿಗೆ ಹೋಗ್ತೀನಿ."

ಎರಡು ವರ್ಷದಿಂದ ಈ ಸತ್ಯವನ್ನು ಹೇಗೆ ಹೇಳುವುದೆಂದು ಅವನು ಎಷ್ಟೋ ಸಲ ಮನಸ್ಸಿನಲ್ಲೇ ಆಡಿ ನೋಡಿದ್ದ. ಬಸ್ಸಿನಲ್ಲಿ, ಹಸುವಿನ ಕೊಟ್ಟಿಗೆಯಲ್ಲಿ, ಕನ್ನಡಿಯ ಮುಂದೆ. ಈಗ ಅದನ್ನು ಹೇಳಿದರೆ ಅವಳು ಸಾಯುತ್ತಾಳೆ ಎಂಬುದು ಸ್ಪಷ್ಟವಾಗಿತ್ತು.

"ಓದಿದೀನಿ ಅಮ್ಮಾ," ಅಂದ. "ಪಾದದಲ್ಲಿ ಇಪ್ಪತ್ತಾರು ಮೂಳೆ. ಎಲ್ಲಾ ಓದಿದೀನಿ."

"ಹಂಗಿದ್ರೆ ಸರಿ," ಅಂದಳು ಗಾಲಿಯಾ. "ತಕಿಯ್ಯಾ, ನನ್ನ ಚಪ್ಪಲಿ ತಾ. ಎರಡೂ ತಾ, ಹೋಗೋವಾಗ ಬೇಕು."

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು. ಜ್ವರ ಶನಿವಾರ ಇಳಿಯಿತು. ಭಾನುವಾರ ಅವಳು ಗಂಜಿ ಕುಡಿದಳು. ಸೋಮವಾರದ ಹೊತ್ತಿಗೆ ಅಲ್-ಅಕಮಾದಿಂದ ವಜ್ದಿಗೆ ಮೂವತ್ತೇಳು ಸಂದೇಶ ಬಂದಿದ್ದವು. ಡಾಕ್ಟರು ಸಮುದ್ರದಾಚೆಯಿಂದಲೇ ನೋಡಿ ತಾಯಿಯ ಜೀವ ಉಳಿಸಿದರು ಎಂಬುದು ಅಷ್ಟರೊಳಗೆ ಎರಡು ಬೆಟ್ಟ ದಾಟಿ ಹೋಗಿತ್ತು. ಮಸೀದಿಯಲ್ಲಿ ಅವನ ಹೆಸರು ಹೇಳಿ ಪ್ರಾರ್ಥಿಸಿದರು.

ಮಾವ ಪ್ರತ್ಯೇಕವಾಗಿ ಮಾತಾಡಿದ. "ಇಲ್ಲಿನ ಸರ್ಜನ್ ಒಂದು ಮಾತಂದ. ಮಂಗಳವಾರವೇ ಒಪ್ಪಿದ್ರೆ ಎರಡು ಬೆರಳಲ್ಲಿ ಹೋಗ್ತಿತ್ತಂತೆ. ನಾನು ಬೈದು ಕಳಿಸ್ದೆ. ನಮ್ಮುಡುಗ ಪ್ರೊಫೆಸರನ್ನ ಹಿಡಿದು, ಪುಸ್ತಕ ತೆಗೆದು, ಮೂರು ದಿನ ನೋಡಿ ಹೇಳಿದಾನೆ, ನೀನು ಮೂರು ನಿಮಿಷ ನೋಡಿ ಹೇಳ್ದೋನು ಅಂದೆ. ಬಾಯಿ ಮುಚ್ಕೊಂಡ. ನಿಮ್ಮಮ್ಮಂಗೆ ಇದೇನೂ ಹೇಳಿಲ್ಲ."

ಹಿಸೇನ್ ಮದುವೆ ಮುಗಿಸಿ, ಒಣಗಿದ ಮಾಂಸದ ಪೊಟ್ಟಣ ಹಿಡಿದು ಬಂದದ್ದು ಮುಂದಿನ ವಾರ. ಎಲ್ಲವನ್ನೂ ಕೇಳಿ, ಪೊಟ್ಟಣ ಬಿಚ್ಚದೆ ಹಾಗೇ ಕೂತ.

"ಹೇಳ್ಬಿಡು," ಅಂದ ಕೊನೆಗೆ. "ಈಗ ಅವರು ಹುಷಾರಾಗಿದಾರೆ. ಹೇಳ್ಬಿಡು."

"ಏನಂತ ಹೇಳ್ಲಿ? ಅವಳ ಕಾಲು ಯಾತಕ್ಕೆ ಹೋಯ್ತು ಅಂತ ಹೇಳ್ಲಿ? ಮಗ ಡಾಕ್ಟರು, ಅವನು ಹೇಳ್ದ, ಅದಕ್ಕೆ ಕೊಟ್ಟೆ ಅಂತ ಎಲ್ಲರ ಹತ್ರ ಹೇಳ್ಕೊಂಡು ಕೂತಿದಾಳೆ. ಅದನ್ನೂ ಕಿತ್ಕೊಳ್ಲಾ?"

ಹಿಸೇನ್ ಪೊಟ್ಟಣವನ್ನು ಮೇಜಿನ ಮೇಲಿಟ್ಟ. "ಇನ್ಮೇಲೆ ನಿಮ್ಮೂರಿಂದು ನಾನು ನೋಡಲ್ಲ," ಅಂದ. ಸಿಟ್ಟಿನಿಂದಲ್ಲ. "ನಾನು ಇಲ್ದಿದ್ರೆ ನೀನು ಮೊದಲನೇ ವರ್ಷವೇ ನಿಜ ಹೇಳಿರ್ತಿದ್ದೆ."

ಏಪ್ರಿಲ್‌ನಲ್ಲಿ ಗಾಲಿಯಾ ಊರಿಗೆ ಮರಳಿದಳು. ಈಗ ಬಾವಿಗೆ ತಕಿಯ್ಯಾ ಹೋಗುತ್ತಾಳೆ. ಮೊದಲ ಕೊಡ ಅವಳಿಗೇ. ಹೆಂಗಸರು ಮನೆಗೇ ಬಂದು ಗಾಲಿಯಾಳ ಸುತ್ತ ಕೂರುತ್ತಾರೆ. ಅವಳು ಮಡಿಚಿದ ಬಟ್ಟೆಯನ್ನು ತುಸು ಎತ್ತಿ ಹೊಲಿಗೆ ತೋರಿಸುತ್ತಾಳೆ. ಮಾವ ನಾಜಿ ಮನೆಯ ಕೆಳಗಿನ ಮೇಕೆಗಳ ಕೋಣೆಯನ್ನು ಖಾಲಿ ಮಾಡಿಸಿ ಸುಣ್ಣ ಬಳಿಸಿದ್ದಾನೆ. ಬಾಗಿಲ ಮೇಲೆ ಹಸಿರು ಬಣ್ಣದಲ್ಲಿ ಡಾಕ್ಟರ್ ವಜ್ದಿ ಎಂದು ಬರೆಸಿ, ಚಿತ್ರ ಕಳಿಸಿದ್ದಾನೆ. ಕೋಣೆಯೊಳಗೆ ಒಂದು ಮೇಜಿದೆ, ಎರಡು ಕುರ್ಚಿ. ಒಂದರ ಮೇಲೆ ಅಮ್ಮ ಕೂತಿದ್ದಾಳೆ.

ಈ ಚಿತ್ರದ ಜೊತೆಗೇ ಊರಿನಿಂದ ಬಂದ ಇನ್ನೊಂದು ಸಂದೇಶವನ್ನು ವಜ್ದಿ ಇನ್ನೂ ತೆರೆದಿಲ್ಲ. ಪಕ್ಕದ ಮನೆಯವರದು, ಮಗುವಿನ ಕೊರಳಲ್ಲಿ ಗಂಟು.

ಹೈನುಗಾರಿಕೆಯ ಡಿಪ್ಲೊಮಾ ಜೂನ್ ಇಪ್ಪತ್ತಕ್ಕೆ ಅವನ ಕೈಗೆ ಬರುತ್ತದೆ. ವಾಸದ ಕಾರ್ಡಿನ ಅವಧಿ ಜುಲೈ ಮೂವತ್ತೊಂದಕ್ಕೆ ಮುಗಿಯುತ್ತದೆ.